ಬೈಸಿಕೊಂಡ ಮೀಟರು

ಚಳ್ಳಕೆರೆಯ ಎಣ್ಣೆ ಮಿಲ್ಲಿನ ಸೋಮಶೇಖರಪ್ಪನವರ ಮಗ ಓಂಕಾರಮೂರ್ತಿಗೆ ಎಣ್ಣೆ ಕಂಡರಾಗುತ್ತಿರಲಿಲ್ಲ. ಅದಕ್ಕೇ ಕೆಮಿಕಲ್ ಇಂಜಿನಿಯರಿಂಗ್ ಓದಿ, ಪಕ್ಕದ ಜಿಲ್ಲೆಯ ಕಾಲೇಜೊಂದರಲ್ಲಿ ಮೇಷ್ಟ್ರಾಗಿ, ೧೯೯೪ರಲ್ಲಿ ಪಿಎಚ್‌ಡಿಗೆ ಸೇರಿಕೊಂಡರು. ಕರಗಿದ ಪ್ಲಾಸ್ಟಿಕ್ಕು ಅಚ್ಚಿನೊಳಗೆ ಹೇಗೆ ಹರಿಯುತ್ತದೆ ಎಂದು ಸಮೀಕರಣದಲ್ಲಿ ಹೇಳುವುದು ಅವರ ವಿಷಯ. ಆ ಪದವಿ ಬಂದರೆ ಪ್ರೊಫೆಸರ್ ಪಟ್ಟ, ಬಾರದಿದ್ದರೆ ತಮ್ಮದೇ ಶಿಷ್ಯನ ಕೈಕೆಳಗೆ ನಿವೃತ್ತಿ.

ಲೆಕ್ಕವನ್ನು ಪರೀಕ್ಷಿಸಲು ಸಿಕ್ಕಿದ್ದು ಮೊಳಕಾಲ್ಮೂರು ರಸ್ತೆಯಲ್ಲಿದ್ದ ಅಜ್ಮತ್‌ನ ಪ್ಲಾಸ್ಟಿಕ್ ಪೈಪು ಮಾಡುವ ಶೆಡ್ಡು.

"ಬಾಡಿಗೆ ಗೀಡಿಗೆ ಏನೂ ಬ್ಯಾಡ ಸಾರ್. ಪುಸ್ತಕದಾಗೆ ನನ್ ಹೆಸರೊಂದು ಹಾಕ್ರಿ, ಸಾಕು," ಎಂದಿದ್ದ ಅಜ್ಮತ್.

"ಹಾಕ್ದೇ ಇರ್ತೀನೇನಯ್ಯಾ!" ಎಂದಿದ್ದರು ಮೂರ್ತಿ.

ಪ್ರತಿ ಶನಿವಾರ ಹನ್ನೊಂದಕ್ಕೆ, ಇಸ್ತ್ರಿ ಕೆಡದಂತೆ ಮೂರ್ತಿಯವರ ಸವಾರಿ ಬರುತ್ತಿತ್ತು. ಸಮೀಕರಣ ಹೇಳಿದ ಒತ್ತಡದಲ್ಲಿ ಅರ್ಧವನ್ನಷ್ಟೇ ಯಂತ್ರದ ಮೀಟರು ತೋರಿಸುತ್ತಿತ್ತು. ಸಮೀಕರಣ ತಪ್ಪಾಗಲು ಸಾಧ್ಯವೇ? ಅದು ಇಂಗ್ಲಿಷಿನಲ್ಲಿತ್ತು! ಮೀಟರು ಬದಲಾಯಿತು. ಎರಡನೆಯದೂ ಅರ್ಧವೇ ತೋರಿಸಿತು. ಮೂರನೆಯದನ್ನು ಮೀಟರು ಕಂಪನಿಯವರು ಪುಕ್ಕಟೆ ಕಳಿಸಿದರು, ಅದೂ ಅಷ್ಟೇ. "ದರಿದ್ರದ್ದು" ಎಂದು ಅದಕ್ಕೆ ಮಂಗಳಾರತಿ ಮಾಡುತ್ತ ಆರು ವರ್ಷ ಕಳೆದರು.

ಒಂದು ಶನಿವಾರ ಊರಿನಲ್ಲಿ ಮದುವೆಯಿದ್ದುದರಿಂದ ಬೆಳಿಗ್ಗೆ ಎಂಟಕ್ಕೇ ಬಂದರು. ಅಜ್ಮತ್ ಯಂತ್ರದ ಬಾಯಿಗೆ ಪ್ಲಾಸ್ಟಿಕ್ ಕಾಳು ಸುರಿದು, ಅದರ ಬೆನ್ನಿಗೇ ಒಂದು ಸೌಟು ಶೇಂಗಾ ಎಣ್ಣೆ ಹುಯ್ದ.

"ಏನಯ್ಯಾ ಅದು?"

"ಎಣ್ಣೆ ಸಾರ್, ನಿಮ್ ಮಿಲ್ಲಿಂದೇ. ಇಲ್ದಿದ್ರೆ ಅಚ್ಚಿಗೆ ಹಿಡ್ಕಂತೈತೆ. ದಿನಾ ಬೆಳಿಗ್ಗೆ ಮಿಷಿನ್ ಶುರು ಮಾಡೋವಾಗ ಹಾಕ್ತೀನಿ."

"ಇಷ್ಟು ದಿನ ಯಾಕ್ ಹೇಳ್ಲಿಲ್ಲ?"

"ಎಣ್ಣೆ ಮಿಲ್ನೋರ ಮಗನಿಗೆ ಎಣ್ಣೆ ವಿಷ್ಯ ನಾನೇನ್ರಿ ಹೇಳೋದು?"

ಮೂರ್ತಿಯವರ ಸಮೀಕರಣದಲ್ಲಿ ಪ್ಲಾಸ್ಟಿಕ್ಕು ಅಚ್ಚಿನ ಗೋಡೆಗೆ ಅಂಟಿಕೊಂಡಿತ್ತು, ಶೆಡ್ಡಿನಲ್ಲಿ ಅದು ಹಾಯಾಗಿ ಜಾರಿಕೊಂಡು ಹೋಗುತ್ತಿತ್ತು. ಆ ಜಾರಿಕೆಗೆ ಒಂದು ಗ್ರೀಕ್ ಅಕ್ಷರ ಕೊಟ್ಟು ಸಮೀಕರಣಕ್ಕೆ ಸೇರಿಸಿದರು. ಲೆಕ್ಕವೂ ಮೀಟರೂ ತಾಳೆಯಾದವು. ಮೂರ್ತಿಯವರು ಡಾಕ್ಟರಾದರು, ಪ್ರೊಫೆಸರಾದರು, ಶಾಲು ಹೊದ್ದು ಫೋಟೋಕ್ಕೆ ನಿಂತರು. ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಗುರುಗಳು, ಪ್ರಿನ್ಸಿಪಾಲರು, ಮೀಟರು ಕಂಪನಿ ಎಲ್ಲರೂ ಇದ್ದರು. ಎಣ್ಣೆ ಸೌಟಿನವನ ಹೆಸರು ಹಾಕಿದರೆ ದೊಡ್ಡವರು ನಕ್ಕಾರು ಎಂದು ಕೈ ಹಿಂದೆಗೆದಿತ್ತು.

೨೦೦೩ರಲ್ಲಿ ಒಂದು ಪ್ರತಿ ಕೊಡಲು ಶೆಡ್ಡಿಗೆ ಹೋದರು. ಇಂಗ್ಲಿಷ್ ಬಾರದ ಅಜ್ಮತ್ ಪುಟ ತಿರುವಿ, "ನನ್ ಹೆಸ್ರು ಎಲ್ಲೈತೆ ಸಾರ್?" ಎಂದು ಕೇಳಿದ. ಪ್ರೊಫೆಸರರ ಬೆರಳು ಸಿಕ್ಕಿದ ಸಾಲಿನ ಮೇಲೆ ಕೂತಿತು. ಅವನು ಕೈ ಒರೆಸಿಕೊಂಡು ಆ ಸಾಲನ್ನು ಮೆಲ್ಲಗೆ ಮುಟ್ಟಿದ. ಆಮೇಲೆ ಸ್ಕೂಲಿನಲ್ಲಿ ಪಾಠ ಹೇಳುವ ಹೆಂಡತಿಯನ್ನು ಕರೆದ.

ಸಬೀನಾ ಓದಿದಳು. ಮತ್ತೊಮ್ಮೆ ಓದಿದಳು. "ಇದು ಮೀಟರು ಕಂಪನಿ ಹೆಸ್ರು ಕಣ್ರೀ," ಎಂದಳು.

ಮೂರ್ತಿಯವರು ಪುಸ್ತಕ ವಾಪಸು ತೆಗೆದುಕೊಳ್ಳಲು ಕೈ ಚಾಚಿದರು.

ಅಜ್ಮತ್ ಪುಸ್ತಕ ಮುಚ್ಚಿದ. "ಇರ್ಲಿ ಬಿಡ್ರಿ ಸಾರ್. ಆರು ವರ್ಷ ನಿಜ ಹೇಳಿ ಬೈಸ್ಕಂಡಿದ್ದು ಮೀಟ್ರೇ ಅಲ್ವಾ?"