ಸ್ವಚ್ಛ ನೀರು ತುಂಬಿದ ಪಂಪು

1983ರಲ್ಲಿ ನಾನು ಮಾನ್ವಿ ತಾಲ್ಲೂಕಿನಲ್ಲಿ ಬಾಲವಾಡಿಗಳ ಮೇಲ್ವಿಚಾರಕಿಯಾಗಿದ್ದೆ. ಈಗ ಅಂಗನವಾಡಿ ಎನ್ನುತ್ತಾರಲ್ಲ, ಹೆಚ್ಚುಕಡಿಮೆ ಅದೇ. ಮೂರರಿಂದ ಆರು ವರ್ಷದ ಮಕ್ಕಳಿಗೆ ಹಾಡು, ಆಟ, ಮಧ್ಯಾಹ್ನಕ್ಕೆ ಒಂದು ತಟ್ಟೆ ಉಪ್ಪಿಟ್ಟು. ನನ್ನ ಪಾಲಿಗೆ ಹದಿನೆಂಟು ಹಳ್ಳಿಗಳಿದ್ದವು. ರಾಯಚೂರು ಪಟ್ಟಣದಲ್ಲಿ ಬೆಳೆದ ನನಗೆ ಆಗ ಇಪ್ಪತ್ತೇಳು ವರ್ಷ. ತಿಳಿದದ್ದು ಸ್ವಲ್ಪ, ತಿಳಿದಿದೆ ಎಂದುಕೊಂಡದ್ದು ಬಹಳ. ಪ್ರತಿ ಕೇಂದ್ರದಲ್ಲಿ ಒಂದು ಭೇಟಿ ಪುಸ್ತಕ ಇರುತ್ತಿತ್ತು. ಹೋದಾಗಲೆಲ್ಲ ಏನು ನೋಡಿದೆ, ಏನು ಸೂಚಿಸಿದೆ ಎಂದು ಅದರಲ್ಲಿ ಬರೆದು ಸಹಿ ಮಾಡಬೇಕು. ಕೆಂಪು ಇಂಕಿನಲ್ಲಿ ಸೂಚನೆ ಬರೆಯುವುದೆಂದರೆ ನನಗೆ ಎಲ್ಲಿಲ್ಲದ ಹುಮ್ಮಸ್ಸು.

ಆ ಹುಮ್ಮಸ್ಸಿನಲ್ಲೇ 'ಗುರುವಾರದ ಅತಿಥಿ' ಎಂಬ ಕಾರ್ಯಕ್ರಮ ಶುರು ಮಾಡಿದೆ. ವಾರಕ್ಕೊಮ್ಮೆ ಊರಿನ ಒಬ್ಬರು ಬಂದು ತಮ್ಮ ಕೆಲಸವನ್ನು ಮಕ್ಕಳಿಗೆ ಮಾಡಿ ತೋರಿಸಬೇಕು. ಕುಂಬಾರರು ತಿಗರಿ ತಂದರು. ಮಕ್ಕಳು ಅರ್ಧ ಮಣ್ಣನ್ನು ತಿಂದೇ ಮುಗಿಸಿದರು. ಟೇಲರ್ ಒಬ್ಬರು ಎಲ್ಲರ ಎದೆಯಳತೆ ತೆಗೆದು, ಅಂಗಿ ಯಾವಾಗ ಕೊಡುತ್ತೀರಿ ಎಂದು ಮಕ್ಕಳು ಗಂಟುಬಿದ್ದಾಗ ಬೆವೆತುಹೋದರು. ಬಸ್ ಕಂಡಕ್ಟರ್ ಬಂದುಹೋದ ಮೇಲೆ ಒಂದು ವಾರ ಆ ಊರಿನಲ್ಲಿ ಸೀಟಿಯ ಸದ್ದೇ ಸದ್ದು. ನನ್ನ ನಿಯಮವೂ ಅದೇ ಆಗಿತ್ತು: ಅತಿಥಿ ಮಾಡಿದ್ದನ್ನು ಮಕ್ಕಳು ವಾರವಿಡೀ ಆಟವಾಗಿ ಆಡಬೇಕು. ಆಡಿದರೆ ಕಲಿತರು ಎಂದು ನಾನು ಪುಸ್ತಕದಲ್ಲಿ ಬರೆಯುತ್ತಿದ್ದೆ.

ಬಾಗಲವಾಡದಿಂದ ಮುಂದೆ, ಕಾಲುವೆ ನೀರಿನ ಒಂದು ಹಳ್ಳಿಯಲ್ಲಿ ಶಾಂತಮ್ಮ ಎಂಬ ಶಿಕ್ಷಕಿ ಇದ್ದರು. ಆ ವರ್ಷ ಸುತ್ತಲೆಲ್ಲ ಹತ್ತಿ. ಹತ್ತಿ ಇದ್ದಲ್ಲಿ ಹುಳು, ಹುಳು ಇದ್ದಲ್ಲಿ ಕ್ರಿಮಿನಾಶಕ. ಅದಕ್ಕೆ ಅಲ್ಲಿಯವರು 'ಎಣ್ಣಿ' ಎನ್ನುತ್ತಾರೆ. ಊರಿನಲ್ಲಿ ಎಣ್ಣೆ ಹೊಡೆಯುವ ಕೂಲಿ ಮಲ್ಲಪ್ಪನದು. ಅವನನ್ನು ಕರೆಯೋಣವೇ ಎಂದು ಶಾಂತಮ್ಮ ಕೇಳಿದರು. ನಾನು ಹೂಂ ಎಂದೆ. ಆದರೆ ನಾನೇನು ಅಜಾಗರೂಕಳಲ್ಲ. ಎಣ್ಣೆ ಸಿಂಪಡಿಸಲು ಬೆನ್ನಿಗೆ ಕಟ್ಟಿಕೊಳ್ಳುವ ಪಂಪು ಇರುತ್ತದಲ್ಲ, ಯಾರೂ ಬಳಸದ ಹೊಸದನ್ನೇ ತರಬೇಕು, 'ಬರೀ ಸ್ವಚ್ಛ ನೀರು ತುಂಬಿಸಿಯೇ ತೋರಿಸತಕ್ಕದ್ದು' ಎಂದು ಕೆಂಪು ಇಂಕಿನಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದು ಸಹಿ ಹಾಕಿದೆ.

ಸೆಪ್ಟೆಂಬರಿನ ಆ ಗುರುವಾರ ನಾನೂ ಹೋಗಿದ್ದೆ. ಮಲ್ಲಪ್ಪ ತೆಳ್ಳಗಿನ ಆಳು, ಮಾತು ಕಡಿಮೆ. ತೊಳೆದ ಅಂಗಿ ಹಾಕಿ, ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಬಾಚಿ ಬಂದಿದ್ದ. ತಾನು ದುಡಿಯುವ ಧಣಿಯ ಮನೆಯಿಂದ ಕೇಳಿ ತಂದ ಹೊಸ ಪಂಪು ಬೆನ್ನ ಮೇಲೆ ಮಿರಮಿರ ಮಿಂಚುತ್ತಿತ್ತು. ಹಿಡಿಕೆ ಒತ್ತಿ ಒತ್ತಿ ಗಾಳಿ ತುಂಬಿ, ಕೊಳವೆಯನ್ನು ಮೇಲಕ್ಕೆತ್ತಿ ಬಿಟ್ಟ. ಬಿಸಿಲಿನಲ್ಲಿ ಸಣ್ಣ ಸೋನೆ ಉದುರಿತು. ಮಕ್ಕಳು ಕುಣಿದರು, ಮುಖವೊಡ್ಡಿದರು, ಬಾಯಿ ತೆರೆದು ನಿಂತರು. ಮುಂದೆ ನಿಂತವರು ಈರಮ್ಮ ಮತ್ತು ಅವಳ ಚಿಕ್ಕಪ್ಪನ ಮಗಳು ಹುಲಿಗೆಮ್ಮ. ಇಬ್ಬರಿಗೂ ಐದು ವರ್ಷ. ಮಲ್ಲಪ್ಪ ನಕ್ಕದ್ದನ್ನು ನಾನು ಕಂಡದ್ದು ಆ ದಿನ ಒಮ್ಮೆಯೇ. 'ಅತ್ಯುತ್ತಮ' ಎಂದು ಪುಸ್ತಕದಲ್ಲಿ ಬರೆದೆ.

ಇಪ್ಪತ್ನಾಲ್ಕು ದಿನ ಕಳೆದು, ಒಂದು ಭಾನುವಾರ ಬಾಲವಾಡಿಗೆ ರಜೆ. ಈರಮ್ಮನ ತಾಯಿ ದುರುಗಮ್ಮ ಹತ್ತಿ ಹೊಲಕ್ಕೆ ಕಳೆ ಕೀಳಲು ಹೋಗುವಾಗ ಇಬ್ಬರು ಹುಡುಗಿಯರನ್ನೂ ಕರೆದುಕೊಂಡು ಹೋದಳು. ಮಗ್ಗುಲ ಹೊಲದಲ್ಲಿ ಮಲ್ಲಪ್ಪ ಎಣ್ಣೆ ಹೊಡೆಯುತ್ತಿದ್ದ. ಊಟದ ಹೊತ್ತಿಗೆ ಅರ್ಧ ತುಂಬಿದ ಪಂಪನ್ನು ಬದುವಿನ ಮೇಲಿಟ್ಟು ಕೈಕಾಲು ತೊಳೆಯಲು ಕಾಲುವೆಗೆ ಇಳಿದ. ಅವನು ದಿನವೂ ಮಾಡುತ್ತಿದ್ದುದು ಅದನ್ನೇ. ಅಲ್ಲಿಯತನಕ ಯಾವ ಮಗುವೂ ಆ ಪಂಪಿನ ಹತ್ತಿರ ಸುಳಿದಿರಲಿಲ್ಲ. ಅದರ ವಾಸನೆಗೇ ದೂರ ಓಡುತ್ತಿದ್ದವು.

ಅವನು ಮರಳಿ ಬರುವಷ್ಟರಲ್ಲಿ ಇಬ್ಬರೂ ಬದುವಿನ ಮೇಲೆ ಬಿದ್ದಿದ್ದರು. ಬಾಯಲ್ಲಿ ನೊರೆ, ಮೈಯೆಲ್ಲ ನಡುಕ. ಮಲ್ಲಪ್ಪ ಇಬ್ಬರನ್ನೂ ಹೆಗಲಿಗೆ ಹಾಕಿಕೊಂಡು ರಸ್ತೆಗೆ ಓಡಿದ. ಓಡುವಾಗಲೂ ಎಣ್ಣೆಯ ಖಾಲಿ ಡಬ್ಬಿಯನ್ನು ದುರುಗಮ್ಮನ ಕೈಗೆ ಕೊಡಲು ಮರೆಯಲಿಲ್ಲ. ಡಾಕ್ಟರಿಗೆ ತೋರಿಸಬೇಕು ಎಂಬುದು ಆ ಓದು ಬಾರದವನಿಗೆ ಹೊಳೆದಿತ್ತು. ಮಾನ್ವಿಯಲ್ಲಿ ಡಬ್ಬಿಯ ಹೆಸರು ನೋಡಿಯೇ ಅಟ್ರೋಪಿನ್ ಎಂಬ ಇಂಜೆಕ್ಷನ್ ಕೊಟ್ಟರು; ಆ ಬಗೆಯ ವಿಷಕ್ಕೆ ಅದೇ ಮದ್ದು. ಅಲ್ಲಿಂದ ಇಬ್ಬರನ್ನೂ ಜೀಪಿನಲ್ಲಿ ರಾಯಚೂರಿಗೆ ಸಾಗಿಸಿದರು. ದಾರಿಯಲ್ಲಿ, ಕಲ್ಮಲ ದಾಟುವ ಮೊದಲೇ, ಈರಮ್ಮ ತೀರಿಕೊಂಡಳು.

ಸೋಮವಾರ ನನಗೆ ಸುದ್ದಿ ಬಂತು. ಅಷ್ಟರಲ್ಲಿ ಧಣಿಯ ದೂರಿನ ಮೇಲೆ ಪೊಲೀಸರು ಮಲ್ಲಪ್ಪನನ್ನು ಠಾಣೆಗೆ ಒಯ್ದಿದ್ದರು. ವಿಷ ತುಂಬಿದ ಪಂಪನ್ನು ನಿರ್ಲಕ್ಷ್ಯದಿಂದ ಬಿಟ್ಟುಹೋದ ಎಂಬುದು ದೂರು. ನನ್ನ ಮೇಲಧಿಕಾರಿ ಕರೆದು, ಘಟನೆ ರಜಾ ದಿನ ನಡೆದಿದೆ, ಹೊಲದಲ್ಲಿ ನಡೆದಿದೆ, ಬಾಲವಾಡಿಗೆ ಯಾವ ಸಂಬಂಧವೂ ಇಲ್ಲವೆಂದು ವರದಿ ಕೊಡಿ ಎಂದರು. ಅದರಲ್ಲಿ ಒಂದಕ್ಷರವೂ ಸುಳ್ಳೆನಿಸುವಂತಿರಲಿಲ್ಲ. ಬರೆದುಕೊಟ್ಟೆ. ಇಂದಿಗೂ ಆ ಕಾಗದ ನೆನಪಾದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಬುಧವಾರ ರಾಯಚೂರಿನ ಆಸ್ಪತ್ರೆಗೆ ಹೋದೆ. ಹುಲಿಗೆಮ್ಮ ಕಣ್ಣು ತೆರೆದಿದ್ದಳು. ಪಕ್ಕದಲ್ಲಿ ಅವಳ ತಾಯಿ, ಗೋಡೆಗೊರಗಿ ದುರುಗಮ್ಮ. ಮಗಳನ್ನು ಮಣ್ಣು ಮಾಡಿ ಬಂದು, ಉಳಿದವಳನ್ನು ಕಾಯುತ್ತಾ ಕೂತಿದ್ದಳು. ಹುಲಿಗೆಮ್ಮ ನನ್ನನ್ನು ಗುರುತು ಹಿಡಿದಳು.

"ಅಕ್ಕೋರ, ನಾವು ಮಲ್ಲಪ್ಪ ಮಾವನ ಆಟ ಆಡಿದ್ವಿ. ಈರಿ ಮಳಿ ಹೊಡಿ ಅಂದ್ಲು, ನಾ ಹೊಡದೆ. ಅಕಿ ಬಾಯಿ ತೆರದ್ಲು."

ದುರುಗಮ್ಮ ತಲೆಯೆತ್ತಿ ನೋಡಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ನೀವು ಕಲಿಸಿದ್ದು ಅಕಿ ಮರಿಲಿಲ್ಲ ನೋಡ್ರಿ, ಅಕ್ಕೋರ."

ಹೊಸ ಪಂಪು, ಸ್ವಚ್ಛ ನೀರು, ಎರಡು ಗೆರೆ. ಮಗುವಿಗೆ ಇದ್ದ ಹೆದರಿಕೆಯನ್ನು ತೆಗೆದುಹಾಕಿದ್ದು ನನ್ನ ಆ ಮುನ್ನೆಚ್ಚರಿಕೆಯೇ. ಪಂಪಿನಲ್ಲಿ ನೀರಿರುತ್ತದೆ, ಅದರಿಂದ ಮಳೆ ಬರುತ್ತದೆ ಎಂದು ನಾವು ತೋರಿಸಿದ್ದೆವು. ಮಕ್ಕಳು ನಂಬಿದ್ದರು.

ಗುರುವಾರ ಬೆಳಿಗ್ಗೆ ಆ ಬಾಲವಾಡಿಯಿಂದ ಭೇಟಿ ಪುಸ್ತಕ ತೆಗೆದುಕೊಂಡು ಮಾನ್ವಿಯ ಠಾಣೆಗೆ ಹೋದೆ. ಕೆಂಪು ಇಂಕಿನ ಪುಟವನ್ನು ಸಬ್ ಇನ್ಸ್‌ಪೆಕ್ಟರ ಮುಂದಿಟ್ಟು, ನಡೆದದ್ದನ್ನೆಲ್ಲ ಹೇಳಿಕೆಯಾಗಿ ಬರೆಸಿ, ಸಹಿ ಹಾಕಿದೆ. ಅವರು ಪುಟವನ್ನು ಎರಡು ಸಲ ಓದಿದರು. ಈ ಮನುಷ್ಯ ಬಾಲವಾಡಿಯ ಮಾತನ್ನೇ ಎತ್ತಲಿಲ್ಲವಲ್ಲ ಎಂದರು. ಸಂಜೆ ಅವನನ್ನು ಬಿಟ್ಟುಕಳಿಸಿದರು. ಠಾಣೆಯ ಹೊರಗೆ, ಯಾಕೆ ಹೇಳಲಿಲ್ಲ ಮಲ್ಲಪ್ಪ ಎಂದು ಕೇಳಿದೆ.

"ಹೇಳಿದ್ರ ನಿಮ್ಮ ನೌಕರಿ ಹೋಗತದ ಅಂತ ಸುಮ್ಕಿದ್ನಿರೀ," ಎಂದ. ಅವನು ಠಾಣೆಯಲ್ಲಿ ಮೂರು ದಿನ ಬಾಯಿ ಮುಚ್ಚಿಕೊಂಡಿದ್ದಾಗ ನಾನು ಸಂಬಂಧವಿಲ್ಲವೆಂದು ಬರೆದುಕೊಟ್ಟಿದ್ದೆ.

ನೌಕರಿ ಹೋಗಲಿಲ್ಲ. ದೇವದುರ್ಗಕ್ಕೆ ವರ್ಗವಾಯಿತು, ಗುರುವಾರದ ಅತಿಥಿ ನಿಂತುಹೋಯಿತು. ಹೊರಡುವ ಮುನ್ನ ಆ ಹಳ್ಳಿಗೆ ಕೊನೆಯ ಸಲ ಹೋದೆ. ಹುಲಿಗೆಮ್ಮ ಮೊದಲ ಸಾಲಿನಲ್ಲಿ ಕೂತಿದ್ದಳು, ಪಕ್ಕದ ಮಣೆ ಖಾಲಿ. ಹಿಂದೆ ಗೋಡೆಯ ಬಳಿ ದುರುಗಮ್ಮ ಬಂದು ಕೂತಳು. ಇವತ್ತು ಬರುತ್ತೇನೆಂದು ಮಲ್ಲಪ್ಪ ಹೇಳಿಕಳಿಸಿದ್ದಾನೆ ಎಂದು ಶಾಂತಮ್ಮ ಹೇಳಿದರು. ಬರಲಿ ಎಂದೆ.

ಅವನು ನೇರ ಹೊಲದಿಂದ ಬಂದ. ಪಂಪು ತಂದಿರಲಿಲ್ಲ. ಬಾಗಿಲಿಂದ ಹದಿನೈದು ಹೆಜ್ಜೆ ಆಚೆಗೇ ನಿಂತ. ಅಂಗಿ ಒದ್ದೆಯಾಗಿ ಬೆನ್ನಿಗೆ ಅಂಟಿತ್ತು, ಕಣ್ಣುಗಳು ಕೆಂಡದಂತೆ ಕೆಂಪಾಗಿದ್ದವು. ಅಷ್ಟು ದೂರಕ್ಕೂ ವಾಸನೆ ಬಡಿಯಿತು. ಮಕ್ಕಳು ಮೂಗು ಮುಚ್ಚಿಕೊಂಡರು. ಅವನು ಎರಡೂ ಕೈ ಮುಂದೆ ಚಾಚಿದ. ಬೆರಳುಗಳು ತಮ್ಮಷ್ಟಕ್ಕೆ ತಾವೇ ನಡುಗುತ್ತಿದ್ದವು.

"ಅವತ್ತು ತೋರಿಸಿದ್ದು ನನ್ನ ಕೆಲಸ ಅಲ್ಲ. ಇದು ನನ್ನ ಕೆಲಸ. ಇದು ನೀರಲ್ಲ. ಯಾರೂ ಹತ್ರ ಬರಬ್ಯಾಡ್ರಿ."

ಒಂದು ಮಗುವೂ ನಗಲಿಲ್ಲ. ಹುಲಿಗೆಮ್ಮ ಎದ್ದು ನಿಂತಳು.

"ಮತ್ತ ನೀ ಯಾಕ ಹೊಡಿತಿ, ಮಾವ?"

ಮಲ್ಲಪ್ಪ ಅವಳನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ಓದಿದವಳು ಏನಾದರೂ ಹೇಳಿಯಾಳು ಎಂದು ಕಾದ. ಕೊನೆಗೆ ಕೈ ಕೆಳಗಿಳಿಸಿ ಕಾಲುವೆಯ ಕಡೆಗೆ ನಡೆದುಹೋದ.

ಎರಡು ವರ್ಷದ ನಂತರ ದೇವದುರ್ಗದಲ್ಲಿ ಮತ್ತೆ ಅತಿಥಿಗಳನ್ನು ಕರೆಯತೊಡಗಿದೆ. ಯಾರೇ ಬರಲಿ, ಮೊದಲು ಅವರ ಕೈ ನೋಡುತ್ತಿದ್ದೆ. ಈ ಕೆಲಸ ನಿಮಗೇನು ಮಾಡಿದೆ ಎಂಬುದನ್ನೂ ಮಕ್ಕಳಿಗೆ ಹೇಳಿ ಎನ್ನುತ್ತಿದ್ದೆ. ಕೆಲಸವನ್ನು ಚಂದ ಮಾಡಿ ತೋರಿಸಬಾರದು ಎಂಬುದು ನನ್ನ ನೌಕರಿ ನನಗೆ ಕಲಿಸಿದ ಪಾಠ. ಅದನ್ನು ಕಲಿಯಲು ಈರಮ್ಮನನ್ನು ಕಳೆದುಕೊಳ್ಳಬೇಕಾಯಿತು. ನಿವೃತ್ತಿಯ ದಿನದವರೆಗೆ ಭೇಟಿ ಪುಸ್ತಕಗಳಲ್ಲಿ ಎಷ್ಟೋ ಪುಟ ಬರೆದೆ, ಕೆಂಪು ಇಂಕಿನಲ್ಲಲ್ಲ. ಹುಲಿಗೆಮ್ಮ ಕೇಳಿದ್ದಕ್ಕೆ ಉತ್ತರ ಅವುಗಳಲ್ಲಿ ಎಲ್ಲಿಯೂ ಇಲ್ಲ.