ಎತ್ತಿ ಕುಡಿದ ನೀರು

೨೦೦೯ರಲ್ಲಿ ಡೆಟ್ರಾಯಿಟ್‌ನ ಕಾರು ಕಂಪನಿಯಲ್ಲಿ ಗಂಡ ಮನೋಹರನ ಕೆಲಸ ಹೋದ ಮೇಲೆ ವಸುಧಾ ಊರೂರು ತಿರುಗುವ ಸ್ಪೀಚ್ ಥೆರಪಿಸ್ಟ್ ಆದಳು. ಹದಿಮೂರು ವಾರಕ್ಕೊಂದು ಆಸ್ಪತ್ರೆ. ಪಾರ್ಶ್ವವಾಯು ಹೊಡೆದವರಿಗೆ ಮಾತು ಕಲಿಸುವುದಕ್ಕಿಂತ ಅವರು ನುಂಗಬಲ್ಲರೇ ಎಂದು ನೋಡುವುದೇ ಹೆಚ್ಚು. ಫಾರ್ಮಿಂಗ್ಟನ್ ಹಿಲ್ಸ್‌ನ ಮನೆಯಿಂದ ಹೊರಡುವ ಮುನ್ನ ಫ್ರೀಜರ್ ತುಂಬ ಸಾರಿನ ಡಬ್ಬಿಗಳನ್ನಿಟ್ಟು ಒಂದೊಂದಕ್ಕೂ ಯಾವ ವಾರದ್ದೆಂದು ಚೀಟಿ ಅಂಟಿಸಿದ್ದಳು. ದಿನವಿಡೀ ಮನೆಯಲ್ಲೇ ಇರುವ ಮನುಷ್ಯನಿಗೆ ತಾನೇಕೆ ಅಡುಗೆ ಮಾಡಿಟ್ಟು ಬಂದೆ ಎಂಬುದು ಮುನ್ನೂರು ಮೈಲಿ ಡ್ರೈವ್ ಮಾಡಿದರೂ ಅವಳಿಗೆ ತಿಳಿಯಲಿಲ್ಲ.

ಶಿಕಾಗೋ ಪಕ್ಕದ ಆ ಆಸ್ಪತ್ರೆಯಲ್ಲಿ ಎರಡನೆಯ ವಾರ, ಪಾರ್ಶ್ವವಾಯುವಿನಿಂದ ಬಲಗೈ ಬಿದ್ದುಹೋಗಿದ್ದ ಪದ್ಮಮ್ಮ ಸಿಕ್ಕರು. ಮೈಸೂರಿನವರು, ಹತ್ತಿರದ ವೆಸ್ಟ್‌ಮಂಟ್‌ನಲ್ಲಿ ಮಗ ಶೇಷಾದ್ರಿ, ಸೊಸೆ ಇಂದು ಜೊತೆ ಇದ್ದರು. ನೀರು ಕೊಟ್ಟಾಗಲೆಲ್ಲ ಕೆಮ್ಮು ಎಂದು ಫೈಲಿನಲ್ಲಿತ್ತು. ಇವತ್ತೂ ಕೆಮ್ಮಿದರೆ ನಾಳೆ ಹೊಟ್ಟೆಗೆ ಟ್ಯೂಬ್, ಬಾಯಿಂದ ಊಟವಿಲ್ಲ.

ವಸುಧಾ ಪೇಪರ್ ಕಪ್ಪಿನಲ್ಲಿ ನೀರು ಕೊಟ್ಟಳು. ಪದ್ಮಮ್ಮ ಸ್ವಾಧೀನವಿದ್ದ ಎಡಗೈಯಲ್ಲಿ ಅದನ್ನು ಮುಖದ ಮೇಲಕ್ಕೆತ್ತಿ, ಕತ್ತು ಹಿಂದಕ್ಕೆ ಚೆಲ್ಲಿ, ತುಟಿಗೆ ತಾಗದಂತೆ ಸುರಿದುಕೊಂಡರು. ಕೆಮ್ಮು ಬಂತು, ಕಣ್ಣಲ್ಲಿ ನೀರು ಬರುವಷ್ಟು.

ವಸುಧಾ ಬರೆಯಲು ಪೆನ್ ತೆಗೆದವಳು ಹಾಗೇ ಕುಳಿತಳು. ಅವಳ ಅತ್ತೆಯೂ ಎತ್ತಿ ಕುಡಿಯುವವರೇ. ಕೆಮ್ಮಿದ್ದು ಕಾಯಿಲೆಯೋ, ಅರವತ್ತು ವರ್ಷದ ಅಭ್ಯಾಸವೋ?

“ಅಮ್ಮ, ಕಚ್ಚಿ ಕುಡೀರಿ. ಗದ್ದ ಕೆಳಗಿರಲಿ.”

“ಎಂಜಲಾಗತ್ತೆ,” ಪದ್ಮಮ್ಮ ತೊದಲಿದರು. “ಯಾರು ತೊಳೀತಾರೆ?”

“ಯಾರೂ ತೊಳಿಯಲ್ಲ. ಎಸೀತಾರೆ.”

“ಎಲ್ಲರದ್ದೂ ನಾನೇ ತೊಳ್ದೆ,” ಎಂದರು ಪದ್ಮಮ್ಮ, ತಡವರಿಸಿಕೊಂಡು. “ನನ್ನ ಲೋಟಕ್ಕೆ ಯಾರಿದ್ರು?”

ಕಪ್ಪನ್ನು ತಿರುಗಿಸಿ ತಿರುಗಿಸಿ ನೋಡಿ ತುಟಿಗಿಟ್ಟರು. ಒಂದು ಗುಟುಕು. ಕೆಮ್ಮಿಲ್ಲ. “ಆ ಅನ್ನಿ” ಎಂದಳು ವಸುಧಾ. ದನಿ ಸ್ವಚ್ಛವಾಗಿತ್ತು, ಗಂಟಲಲ್ಲಿ ನೀರು ನಿಂತ ಗೊರಗೊರ ಇರಲಿಲ್ಲ. ಆದರೂ ಅವಳಿಗೆ ನಂಬಿಕೆ ಬರಲಿಲ್ಲ. ನುಂಗುವುದನ್ನು ಎಕ್ಸ್‌ರೇಯಲ್ಲಿ ನೋಡೋಣ ಎಂದು ಡಾಕ್ಟರನ್ನು ಒಪ್ಪಿಸಿದಳು. ಮರುದಿನ ಎಕ್ಸ್‌ರೇಯಲ್ಲಿ, ಗದ್ದ ತಗ್ಗಿಸಿ ಕುಡಿದ ನೀರು ಸರಿಯಾದ ದಾರಿಯಲ್ಲೇ ಇಳಿಯಿತು. ಟ್ಯೂಬ್ ರದ್ದಾಯಿತು, ಒಂದು ಷರತ್ತಿನ ಮೇಲೆ: ಮೂರು ಹೊತ್ತೂ ಯಾರಾದರೂ ಪಕ್ಕದಲ್ಲಿ ಕೂತು ಉಣ್ಣಿಸಬೇಕು.

“ಇಂದು ನೋಡ್ಕೋತಾಳೆ ಬಿಡಿ,” ಎಂದ ಮಂಚದ ಪಕ್ಕ ನಿಂತಿದ್ದ ಶೇಷಾದ್ರಿ.

“ಇಂದು ಎಲ್ಲಿ?”

“ಆಫೀಸಲ್ಲಿ.”

“ನೀವು?”

“ಮನೇಲೇ. ಲೇ-ಆಫ್ ಆಗಿ ಎರಡು ತಿಂಗಳಾಯ್ತು.” ಹೇಳಿದ ಮೇಲೆ ಅವನಿಗೇ ಏನೋ ಗೊಂದಲವಾಯಿತು.

ವಸುಧಾ ನೀರಿನ ಕಪ್ಪನ್ನು ಅವನ ಕೈಗಿತ್ತಳು.

“ಇವನಾ? ಹಾಲು ಉಕ್ಕಿದ್ರೆ ನನ್ನೇ ಕೂಗ್ತಿದ್ದ,” ಪದ್ಮಮ್ಮ ಸೊಟ್ಟ ಬಾಯಲ್ಲೇ ನಕ್ಕರು.

ಶೇಷಾದ್ರಿ ಕಪ್ಪನ್ನು ತಾಯಿಯ ಮುಖದ ಮೇಲಕ್ಕೆತ್ತಿದ. ವಸುಧಾ ಅವನ ಮಣಿಕಟ್ಟು ಹಿಡಿದು ತುಟಿಯ ಮಟ್ಟಕ್ಕೆ ಇಳಿಸಿದಳು. ಪದ್ಮಮ್ಮ ಗುಟುಕರಿಸಿದರು. ಕೆಮ್ಮಲಿಲ್ಲ.

ಫೈಲಿನಲ್ಲಿ ಉಣ್ಣಿಸಲು ಕಲಿತವರ ಹೆಸರು ಬರೆಯುವ ಜಾಗದಲ್ಲಿ ವಸುಧಾ ಅಭ್ಯಾಸಬಲದಿಂದ ‘ಇಂದು’ ಎಂದು ಬರೆದುಬಿಟ್ಟಿದ್ದಳು. ಹೊಡೆದುಹಾಕಿ ‘ಶೇಷಾದ್ರಿ’ ಎಂದು ಬರೆದಳು.

ಪಾರ್ಕಿಂಗ್ ಲಾಟಿನಲ್ಲಿ ಫೋನ್ ಬಂತು. ಮನೋಹರ. “ಮೂರನೇ ವಾರದ ಡಬ್ಬಿ ಇವತ್ತೇ ತೆಗೀಲಾ? ಎರಡನೇದು ಮುಗೀತು.”

“ಗೊತ್ತಿಲ್ಲ ರೀ,” ಎಂದಳು. ಮುನ್ನೂರು ಮೈಲಿ ದೂರದ ಫ್ರೀಜರಿನ ಲೆಕ್ಕ ತಾನೇಕೆ ಇಡಬೇಕೆಂದು ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.