ಮೂರು ಸಲ ಕೇಳಿ ಬರೆಯುತ್ತಿದ್ದವರು

ಗುಂಡ್ಲುಪೇಟೆಯ ತಾಲ್ಲೂಕು ಕಚೇರಿ ಎದುರು, ನನ್ನ ಜೆರಾಕ್ಸ್ ಅಂಗಡಿಯ ಪಕ್ಕದಲ್ಲೇ ಮೇಜು ಹಾಕಿಕೊಂಡು ಹಿರಿಯರೊಬ್ಬರು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದರು. ಯಾರು ಎಷ್ಟೇ ಅವಸರ ಮಾಡಲಿ, ಕಣ್ಣು ಮುಚ್ಚಿ ಕೂತು, "ಮೂರು ಸಲ ಹೇಳಿ, ಆಮೇಲೆ ಬರೀತೀನಿ" ಅನ್ನುತ್ತಿದ್ದರು. "ಮೊದಲ್ನೇ ಸಲ ಬರೋದು ಬರೀ ಸಿಟ್ಟು ಕಣಪ್ಪ, ಅದನ್ನ ಬರುದ್ರೆ ಪೇಪರ್ ದಂಡ" ಎಂದು ನನಗೆ ಹೇಳಿದ್ದರು.

ಒಂದು ದಿನ ಭೀಮನಬೀಡಿನ ಹೆಂಗಸೊಬ್ಬಳು ಬುಸುಗುಡುತ್ತಾ ಬಂದಳು. "ಪಕ್ಕದ್ ಮನೆಯವಳ ಮೇಕೆ ನನ್ ಅವರೆ ಗಿಡನೆಲ್ಲ ತಿಂದ್ಬುಡ್ತು. ತಹಸೀಲ್ದಾರ್‌ಗೆ ಬರೀರಿ!"

ಮೊದಲ ಸಲ ಹೇಳುವಾಗ ಪಕ್ಕದ ಮನೆಯವಳ ಅತ್ತೆ, ತವರಿನವರು ಎಲ್ಲ ಬಂದು ಹೋದರು. ಎರಡನೇ ಸಲಕ್ಕೆ ಮೇಕೆ ಮಾತ್ರ ಉಳಿಯಿತು, ತಿಂದದ್ದು ನಾಲ್ಕೇ ಗಿಡ ಎಂದಾಯಿತು. ಮೂರನೇ ಸಲ ಅವಳು ಶುರುಮಾಡುತ್ತಿದ್ದಂತೆ ಇವರು, "ಮೇಕೆ ಕಟ್ಟಾಕು ಅಂದಾಗ ಅವಳೇನಂದ್ಲು?" ಎಂದು ಕೇಳಿದರು.

ಅವಳು ಹಣೆ ಚಚ್ಚಿಕೊಂಡಳು. "ಅಯ್ಯೋ, ಅವಳ್ಗಿನ್ನೂ ಹೇಳೇ ಇಲ್ಲ ಕಣಣ್ಣ!" ಎಂದು ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಾ ಬಸ್ಸಿಗೆ ಓಡಿದಳು.

ಇವರು ಮೇಜಿನ ಮೇಲಿದ್ದ ಖಾಲಿ ಹಾಳೆಯನ್ನು ಎತ್ತಿ ನನಗೆ ತೋರಿಸಿದರು.

"ಎಂಗೆ? ಒಂದು ತಪ್ಪಿಲ್ಲ ನೋಡು."